ಎರಡು ಸಲ ಎಳೆದಿದ್ದೇನೆ

ಒಂದು ನಿಮಿಷ ಕೂತುಕೊಳ್ಳಿ, ಕೈಯಲ್ಲಿರುವ ಕೆಲಸ ಆಮೇಲೆ ಮಾಡಿದರಾಯಿತು. ಇದನ್ನು ಪೂರ್ತಿ ಕೇಳಬೇಕು, ನಡುವೆ ಎದ್ದು ಹೋಗುವ ಹಾಗಿಲ್ಲ, ಯಾಕೆಂದರೆ ಕೊನೆಯಲ್ಲಿ ನಿಮ್ಮನ್ನು ಒಂದು ಮಾತು ಕೇಳುವುದಿದೆ. ನಾನು ಮಾತಾಡಲು ಶುರು ಮಾಡಿದರೆ ಉಸಿರು ತೆಗೆದುಕೊಳ್ಳುವುದಿಲ್ಲ ಅಂತ ಅಮ್ಮ ಬಯ್ಯುತ್ತಾಳೆ. ಟೈಪ್ ಮಾಡುವುದೂ ಹಾಗೇ. ಅಲ್ಲಲ್ಲಿ ಮುಗ್ಗರಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ಕೆಲಸ ಹಳೆಯ ಪತ್ರಿಕೆಗಳ ಫೋಟೋ ತೆಗೆಯುವುದು. ಪತ್ರಿಕೆಯ ಕಚೇರಿಯಲ್ಲಿ, ಮುದ್ರಣ ಯಂತ್ರದ ಹಿಂದೆ ಒಂದು ಉದ್ದನೆಯ ಕೋಣೆ ಇದೆ. ಕಿಟಕಿ ಒಂದೇ, ಅದಕ್ಕೂ ಬೀರು ಅಡ್ಡ. ತಿಂಗಳಿಗೊಂದರಂತೆ ಹೊಲಿದು ಕಟ್ಟಿದ ಸಂಪುಟಗಳು, ಒಂದೊಂದೂ ಬಾಗಿಲ ಹಲಗೆಯಷ್ಟು ದೊಡ್ಡದು. ಬಿಚ್ಚಬೇಕು, ಮೇಲೆ ಗಾಜು ಇಡಬೇಕು, ಕ್ಯಾಮೆರಾ ಒತ್ತಬೇಕು, ಪುಟ ತಿರುವಬೇಕು. ದಿನಕ್ಕೆ ಮುನ್ನೂರು ಪುಟ. ಆ ಕೋಣೆಯ ಉಸ್ತುವಾರಿ ನೋಡಿಕೊಳ್ಳುವವರನ್ನು ಕಚೇರಿಯವರೆಲ್ಲ ಧೂಳಪ್ಪ ಅನ್ನುತ್ತಾರೆ. ಮೂಗಿಗೆ ಸದಾ ಟವೆಲು ಕಟ್ಟಿಕೊಂಡಿರುತ್ತಾರೆ, ಎರಡು ವರ್ಷದಲ್ಲಿ ನಾನು ಅವರ ಮೂಗು ನೋಡಿದ್ದು ಊಟದ ಹೊತ್ತಿನಲ್ಲಿ ಮಾತ್ರ. ಇಲ್ಲಿಗೆ ಬರುವ ಮುಂಚೆ ಮೂವತ್ತು ವರ್ಷ ಹೊರಗಿನ ಕೌಂಟರಿನಲ್ಲಿ ಕೂತು ಜನರ ಸಣ್ಣ ಪ್ರಕಟಣೆಗಳನ್ನು ಬರೆದುಕೊಳ್ಳುತ್ತಿದ್ದವರು.

"ಓದ್ಬೇಡಮ್ಮಾ, ತಿರುವು. ಓದ್ತಾ ಕೂತ್ರೆ ನನ್ನ ವಯಸ್ಸಾಗುತ್ತೆ ನಿಂಗೆ," ಅನ್ನುತ್ತಿದ್ದರು.

ಓದದೆ ಇರುವುದು ಹೇಗೆ ಹೇಳಿ? ಮುಖ್ಯ ಸುದ್ದಿ ಯಾರಿಗೆ ಬೇಕು, ಮಜಾ ಇರುವುದೆಲ್ಲ ಕೊನೆಯ ಪುಟದ ಸಣ್ಣ ಅಕ್ಷರದಲ್ಲಿ. "ಕಳೆದುಹೋಗಿದೆ: ಒಂದೇ ಕೊಂಬಿನ ಮೇಕೆ. ಕರೆದರೆ ಬರುವುದಿಲ್ಲ." "ಸಿಕ್ಕಿದೆ: ಎಡಗಾಲಿನ ಬೂಟು. ಬಲಗಾಲಿನದನ್ನು ತೋರಿಸಿ ಒಯ್ಯತಕ್ಕದ್ದು." ಒಬ್ಬ ಹಿಟ್ಟಿನ ಗಿರಣಿಯವನಂತೂ, "ಹದಿಮೂರನೇ ತಾರೀಖು ಸಂಜೆ ನಾನು ಆಡಿದ ಮಾತುಗಳನ್ನೆಲ್ಲ ವಾಪಸು ತೆಗೆದುಕೊಂಡಿದ್ದೇನೆ" ಅಂತ ಹಾಕಿಸಿದ್ದ. ಏನು ಅಂದಿದ್ದನೋ, ಯಾರಿಗೆ ಅಂದಿದ್ದನೋ!

ಹೀಗೆ ತಿರುವುತ್ತಿರುವಾಗ ಒಂದು ದಿನ ಕಿರುಚಿಬಿಟ್ಟೆ.

"ಏನಾಯ್ತು, ಹಾವಾ?" ಅಂತ ಧೂಳಪ್ಪ ಕುರ್ಚಿಯ ಮೇಲೆ ಕಾಲೆತ್ತಿಕೊಂಡರು.

"ಇಲ್ಲ ಸಾರ್, ಮುತ್ತಾತ!"

ನಿಜವಾಗಿಯೂ ನನ್ನ ಮುತ್ತಾತ. ನಮ್ಮ ಹಳ್ಳಿಯ ಹೆಸರು, ಅವನ ಹೆಸರು, ಕೆಳಗೆ ಎರಡೇ ಸಾಲು: "ಬಾವಿ ತೋಡಿಕೊಡಲಾಗುವುದು. ನೀರು ಕಾಣದೆ ಮೇಲೆ ಬರುವುದಿಲ್ಲ." ನಮ್ಮದು ಬಾವಿ ತೋಡುವವರ ಮನೆ. ಈಗ ಯಾರೂ ತೋಡುವುದಿಲ್ಲ, ಆದರೆ ಊರಿನಲ್ಲಿ ಈಗಲೂ ನಾವು ಬಾವಿಯವರೇ. ಇನ್ನೆರಡು ತಿಂಗಳ ಸಂಪುಟ ತಿರುವಿದರೆ ಮತ್ತೊಂದು: "ಅರವತ್ತು ಅಡಿ ಹಗ್ಗ ಬೇಕಾಗಿದೆ. ಗಂಟು ಹಾಕಿದ್ದು ಬೇಡ." ಆಮೇಲೆ ಇನ್ನೊಂದು: "ಹಳೆಯ ಬಾವಿಯ ಹೂಳು ತೆಗೆಯುವಾಗ ಹಿತ್ತಾಳೆ ಕೊಡ ಸಿಕ್ಕಿದೆ. ಯಾವ ಕಡೆ ತಗ್ಗು ಬಿದ್ದಿದೆ ಎಂದು ಸರಿಯಾಗಿ ಹೇಳಿದವರಿಗೆ ಕೊಡಲಾಗುವುದು." ಹೆಬ್ಬೆಟ್ಟು ಒತ್ತುವ ಮನುಷ್ಯ, ಒಂದಕ್ಷರ ಬಾರದು, ಆದರೆ ಪತ್ರಿಕೆ ಅಂದರೆ ಪ್ರಾಣ. ಊರಿನಲ್ಲಿ ಕೂಗಿದರೆ ಊರಿಗೆ ಕೇಳಿಸುತ್ತದೆ, ಪತ್ರಿಕೆಯಲ್ಲಿ ಕೂಗಿದರೆ ಜಗತ್ತಿಗೇ ಕೇಳಿಸುತ್ತದೆ ಅನ್ನುತ್ತಿದ್ದನಂತೆ.

ಆವತ್ತೇ ತೀರ್ಮಾನ ಮಾಡಿದೆ. ನಮ್ಮ ಮನೆತನದ ಇತಿಹಾಸ ಬರೆಯಬೇಕು, ಬರೀ ಇಂಥ ಪ್ರಕಟಣೆಗಳಿಂದಲೇ! ನಲವತ್ತು ಪುಟ, ಗಟ್ಟಿ ರಟ್ಟು, ಚಿಕ್ಕಪ್ಪಂದಿರು ಅತ್ತೆಯಂದಿರು ಎಲ್ಲರ ಮನೆಗೂ ಒಂದೊಂದು ಪ್ರತಿ.

ಮನೆಯಲ್ಲಿ ಇರುವವರನ್ನು ಈಗ ಹೇಳಿಬಿಡುತ್ತೇನೆ. ತಾತ, ಎಂಬತ್ತೊಂದು ವರ್ಷ, ಮುತ್ತಾತನ ಒಬ್ಬನೇ ಮಗ. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಬಲಗೈಯೂ ಅರ್ಧ ಬಾಯಿಯೂ ಹೋಗಿವೆ. ಅವನ ತಂಗಿ, ನನ್ನ ಚಿಕ್ಕಜ್ಜಿ, ಅರವತ್ತೇಳು ವರ್ಷ, ಮದುವೆಯಾಗಲಿಲ್ಲ, ಮನೆ ಬಿಟ್ಟು ಕದಲಲಿಲ್ಲ. ತಾತನಿಗೆ ಉಣ್ಣಿಸುವುದು, ಮೀಯಿಸುವುದು, ಗಡ್ಡ ಹೆರೆಯುವುದು ಎಲ್ಲ ಅವಳೇ. "ಅಣ್ಣಾ, ಬಾಯಿ ಬಿಡು. ಇನ್ನೂ ಬಿಡು. ಬಾವಿ ತೋಡೋನು ನೀನು, ಇಷ್ಟು ಸಣ್ಣ ಬಾಯಿ ಯಾಕೋ?" ಅಂತ ಚಮಚ ಹಿಡಿದು ರೇಗಿಸುತ್ತಾಳೆ. ಮತ್ತೆ ನನ್ನ ಅಪ್ಪ, ಅಮ್ಮ. ಅಜ್ಜಿ, ಅಂದರೆ ತಾತನ ಹೆಂಡತಿ, ತೀರಿಕೊಂಡು ಬಹಳ ಕಾಲವಾಯಿತು.

ಮನೆಯಲ್ಲಿ ಒಂದು ಅಭ್ಯಾಸ ಇದೆ. ಬೆಳಗ್ಗೆ ಪತ್ರಿಕೆ ಬಂದರೆ ಜಗಲಿಯಲ್ಲಿ ಕೂತು ಒಬ್ಬರು ಗಟ್ಟಿಯಾಗಿ ಓದಬೇಕು. ಅಕ್ಷರ ಬಾರದ ಮುತ್ತಾತ, ಮುತ್ತಜ್ಜಿಗಾಗಿ ತಾತ ಶುರು ಮಾಡಿದ್ದು. ಅವರು ಹೋದ ಮೇಲೆ ಚಿಕ್ಕಜ್ಜಿಗಾಗಿ ಓದಿದ. ಅವಳಿಗೂ ಓದು ಬಾರದು, ಎರಡನೇ ತರಗತಿಯಲ್ಲೇ ಬಿಡಿಸಿದ್ದರು. ತಾತನ ನಾಲಿಗೆ ತೊದಲಿದ ಮೇಲೆ ಓದುವ ಸರದಿ ನನ್ನದು. ನನಗೆ ಅಕ್ಷರ ಕಲಿಸಿದ್ದೂ ತಾತನೇ, ಅದೇ ಜಗಲಿಯಲ್ಲಿ ಅದೇ ಪತ್ರಿಕೆಯ ದೊಡ್ಡ ತಲೆಬರಹಗಳ ಮೇಲೆ ನನ್ನ ಬೆರಳು ಹಿಡಿದು ತಿದ್ದಿಸಿ.

ಇನ್ನೊಂದು, ಹಗ್ಗದ ವಿಷಯ. ಬಾವಿಯೊಳಗೆ ಇಳಿದವನ ಸೊಂಟಕ್ಕೆ ಒಂದು ತೆಳು ಹಗ್ಗ ಇರುತ್ತಿತ್ತು. ಕೆಳಗಿನಿಂದ ಎರಡು ಸಲ ಎಳೆದರೆ "ನನ್ನನ್ನು ಮೇಲಕ್ಕೆ ತಗೊಳ್ಳಿ" ಅಂತ. ಮೇಲೆ ಇರುವವನು ಒಂದು ಸಲ ಎಳೆಯಬೇಕು: "ಕೇಳಿಸಿತು, ಇದ್ದೇನೆ." ಉತ್ತರ ಕೊಡದೆ ಇರುವ ಹಾಗೇ ಇಲ್ಲ. ಬಾವಿ ಹೋದರೂ ಇದು ಮನೆಯಲ್ಲಿ ಉಳಿದಿದೆ. ನಮ್ಮ ಮನೆಯ ಕೂಸುಗಳು ಎತ್ತಿಕೋ ಅನ್ನುವುದಿಲ್ಲ, ಸೆರಗನ್ನೋ ಅಂಗಿಯನ್ನೋ ಎರಡು ಸಲ ಜಗ್ಗುತ್ತವೆ. ನಾನೂ ತಾತನ ಅಂಗಿ ಜಗ್ಗಿ ಜಗ್ಗಿಯೇ ಬೆಳೆದವಳು. "ಇಪ್ಪತ್ತು ವರ್ಷ ಮೇಲೆ ನಿಂತು ಹಗ್ಗ ಹಿಡಿದೋನು ನಾನು, ಒಂದು ದಿನಾನೂ ಕೈ ಬಿಟ್ಟಿಲ್ಲ" ಅನ್ನುವುದು ತಾತನ ಜಂಬ.

ಈಗ ಓಡಿಹೋದಜ್ಜಿ. ಮನೆಯಲ್ಲಿ ಅವಳ ಹೆಸರೇ ಅದು. ತಾತನಿಗೂ ಚಿಕ್ಕಜ್ಜಿಗೂ ನಡುವಿನವಳು. ಐವತ್ತೆಂಟು ವರ್ಷದ ಹಿಂದೆ, ಹತ್ತೊಂಬತ್ತನೇ ವಯಸ್ಸಿನಲ್ಲಿ, ನೀರಿನ ಪಂಪು ರಿಪೇರಿಗೆ ಬಂದವನ ಜೊತೆ ಹೋದಳು. ಬಾವಿಯವರ ಮಗಳನ್ನು ಪಂಪಿನವನು ಎತ್ತಿಕೊಂಡು ಹೋದ ಅಂತ ಊರು ನಕ್ಕಿತು. ಮುತ್ತಾತ ನಗಲಿಲ್ಲ, ಬಯ್ಯಲೂ ಇಲ್ಲ. ಮಗಳೇ, ಎಲ್ಲಿದ್ದರೂ ಬಾ, ಯಾರೂ ಏನೂ ಅನ್ನುವುದಿಲ್ಲ, ಹಗ್ಗ ಹಿಡಿದುಕೊಂಡೇ ಇದ್ದೇವೆ ಅಂತ ಹೇಳಿ ಬರೆಸಿ, ಹೆಬ್ಬೆಟ್ಟು ಒತ್ತಿ, ಮಗನ ಕೈಯಲ್ಲಿ ಪತ್ರಿಕೆಗೆ ಕಳಿಸಿದ. ಒಂದು ವರ್ಷ ಪ್ರತಿ ಸೋಮವಾರ ಅದು ಬಂತು. ತಾತ ಓದಿ ಹೇಳಿ, ಕತ್ತರಿಸಿ ಕೊಡುತ್ತಿದ್ದ. ಮುತ್ತಜ್ಜಿ ಆ ಚೂರುಗಳನ್ನು ಬಟ್ಟೆಯಲ್ಲಿ ಕಟ್ಟಿ ಎದೆಯ ಹತ್ತಿರ ಇಟ್ಟುಕೊಳ್ಳುತ್ತಿದ್ದಳು. ಮಗಳು ಬರಲಿಲ್ಲ. ನಾಲ್ಕನೇ ವರ್ಷ ಮುತ್ತಜ್ಜಿ ಬಾಗಿಲ ಕಡೆ ಮುಖ ಮಾಡಿಕೊಂಡೇ ಸತ್ತಳು, ಚೂರುಗಳ ಗಂಟನ್ನು ಅವಳ ಜೊತೆಯಲ್ಲೇ ಹೂಳಿದರು. ಈ ಕಥೆ ನನಗೆ ಬಾಯಿಪಾಠ.

"ಸೋಮವಾರದ ಆ ಪ್ರಕಟಣೆಗಳನ್ನೂ ಹುಡುಕ್ತೀನಿ! ಪುಸ್ತಕದ ನಡುವೆ ಒಂದು ಪುಟ ಪೂರ್ತಿ ಅದೇ!" ಅಂದೆ ನಾನು ಮಹಾ ಉತ್ಸಾಹದಿಂದ.

ಚಿಕ್ಕಜ್ಜಿಯ ಮುಖ ಬಿಗಿಯಿತು. "ಹುಡುಕು. ಎಷ್ಟು ಸಲ ಕರೆದ್ವಿ ಅಂತ ಎಣಿಸಿ ಬರಿ. ಅವ್ವನ್ನ ಕೊಂದೋಳು ಅವಳು. ನನ್ನನ್ನ ಸೊಂಟದ ಮೇಲೆ ಹೊತ್ತು ಬೆಳೆಸಿದೋಳು, ಹೋಗೋವಾಗ ತಿರುಗಿ ಸಹ ನೋಡ್ಲಿಲ್ಲ. ಕರೆದ್ರೂ ಬರ್ಲಿಲ್ಲ. ಕಲ್ಲು! ನಿಮ್ಮ ಮಕ್ಕಳು ಮೊಮ್ಮಕ್ಕಳಿಗೆಲ್ಲ ಗೊತ್ತಾಗ್ಲಿ."

ತಾತ ಎಡಗೈ ಬೀಸಿದ. "ಯಾಕೆ... ಹಳೇದು... ಬಿಡು."

"ನೋಡು, ಈಗ್ಲೂ ನೋವು ಅಣ್ಣಂಗೆ," ಅಂತ ಚಿಕ್ಕಜ್ಜಿ ಅವನ ಬಾಯಿ ಒರೆಸಿದಳು.

ಆ ವರ್ಷದ ಸಂಪುಟಗಳನ್ನು ಇಳಿಸಿಕೊಂಡೆ. ಸೋಮವಾರ, ಸೋಮವಾರ, ಸೋಮವಾರ. ಇಲ್ಲ. ಐವತ್ತೆರಡು ಸೋಮವಾರ ನೋಡಿದೆ, ಒಂದೇ ಒಂದು ಇಲ್ಲ. ವಾರ ತಪ್ಪಿರಬೇಕು ಅಂತ ಉಳಿದ ದಿನಗಳನ್ನೂ ನೋಡಿದೆ. ಒಂದು ಗುರುವಾರ ಸಿಕ್ಕಿತು, ನಾಲ್ಕು ಸಾಲು, ಮುತ್ತಾತನ ಹೆಸರಿನಲ್ಲಿ:

"ನನ್ನ ಹಿರಿಯ ಮಗಳು ಮನೆ ಬಿಟ್ಟು ಹೋಗಿರುತ್ತಾಳೆ. ಇನ್ನು ಅವಳಿಗೂ ನಮ್ಮ ಮನೆತನಕ್ಕೂ ಯಾವ ಸಂಬಂಧವೂ ಇಲ್ಲ. ಅವಳು ನಮ್ಮ ಹೊಸ್ತಿಲು ತುಳಿದ ದಿನ ಅವಳ ತಾಯಿ ಜೀವ ಬಿಡುತ್ತಾಳೆ. ಇದು ನನ್ನ ಸ್ವಂತ ಮಾತು."

ಗಾಜಿನ ಮೇಲೆ ಕೈ ಇಟ್ಟುಕೊಂಡು ಕೂತುಬಿಟ್ಟೆ. ಮುದ್ರಣದ ತಪ್ಪಿರಬೇಕು, ಬೇರೆ ಮನೆಯವರದು ನಮ್ಮ ಹೆಸರಿಗೆ ಬಂದಿರಬೇಕು ಅಂದೆ. ಧೂಳಪ್ಪ ಹಿಂದಿನ ಕಪಾಟಿನಿಂದ ದಪ್ಪನೆಯ ಪುಸ್ತಕವೊಂದನ್ನು ತಂದು ಧಡ್ ಅಂತ ಇಟ್ಟರು. ಸಂಬಂಧ ಕಡಿದುಕೊಂಡವರ ಪ್ರಕಟಣೆಗಳ ಮೂಲ ಅರ್ಜಿಗಳು. ನಾಳೆ ಯಾರಾದರೂ ನ್ಯಾಯಾಲಯಕ್ಕೆ ಹೋದರೆ ಇರಲಿ ಅಂತ ಅಂಟಿಸಿ ಇಡುವುದು ಅಲ್ಲಿನ ಪದ್ಧತಿ.

ಅರ್ಜಿ ಸಿಕ್ಕಿತು. ಕೆಳಗೆ ಹೆಬ್ಬೆಟ್ಟು. ನಡುವೆ ಅಡ್ಡಲಾಗಿ ಬಿಳಿಯ ಗೆರೆ, ಹಗ್ಗ ಕೊಯ್ದ ಗಾಯದ ಗುರುತು. ಮುತ್ತಾತನ ಹೆಬ್ಬೆರಳು ಸೀಳಿತ್ತು ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು. ಮೇಲಿನ ಬರಹ ಮಾತ್ರ ತಾತನದು. ಆ ಗುಂಡು ಗುಂಡು ಅಕ್ಷರಗಳನ್ನು ನೋಡಿಯೇ ನಾನು ಅಕ್ಷರ ಕಲಿತದ್ದು.

"ಇದೊಂದು ಜಾಗ ನೋಡು," ಅಂತ ಧೂಳಪ್ಪ ಅಂಚಿನ ಮೇಲೆ ಬೆರಳಿಟ್ಟರು. "ಹೆಬ್ಬೆಟ್ಟಿನವರಿಗೆ ಬರೆದಿದ್ದನ್ನ ಓದಿ ಹೇಳ್ಬೇಕು, ಓದಿದವರು ಸಹಿ ಹಾಕ್ಬೇಕು. ಇಲ್ಲಾಂದ್ರೆ ನಾವು ತಗೊಳ್ಳಲ್ಲ."

ಅಲ್ಲಿ ಅಚ್ಚಾಗಿತ್ತು: "ಮೇಲಿನದನ್ನು ಓದಿ ಹೇಳಿದವರು." ಮುಂದೆ ತಾತನ ಸಹಿ. ಸಂಬಂಧ ಎಂಬ ಕಡೆ: ಮಗ.

ಏನಾಗಿತ್ತು ಅಂತ ಆಗಲೇ ಗೊತ್ತಾಗಿತ್ತು ನನಗೆ. ಆದರೂ ಹಟ ಹಿಡಿದವಳ ಹಾಗೆ ಪುಟ ತಿರುವುತ್ತಲೇ ಹೋದೆ. ಮೂರು ವಾರದ ನಂತರ, ಮೇಕೆಗಳೂ ಬೂಟುಗಳೂ ಇರುವ ಅದೇ ಮೂಲೆಯಲ್ಲಿ ಒಂದೇ ಸಾಲು: "ಬಾವಿಯವರ ಮನೆಗೆ: ಎರಡು ಸಲ ಎಳೆದಿದ್ದೇನೆ. ಮೇಲಿರುವವರು ಉತ್ತರ ಕೊಡಿ."

ಮರುವರ್ಷ ಅದೇ ತಾರೀಖು, ಅದೇ ಸಾಲು. ಅದರ ಮರುವರ್ಷವೂ. ನಾನು ಒಂದೊಂದೇ ಸಂಪುಟ ಎಳೆದು ಆ ತಾರೀಖನ್ನು ಮಾತ್ರ ನೋಡುತ್ತಾ ಬಂದೆ. ಒಂದು ವರ್ಷವೂ ತಪ್ಪಿಲ್ಲ. ಈ ಪತ್ರಿಕೆಯನ್ನೇ ತಾತ ಪ್ರತಿದಿನ ಜಗಲಿಯಲ್ಲಿ ಕೂತು ಓದಿದ್ದು. ಅಪ್ಪ ಆಟದ ಪುಟ ಬಿಟ್ಟು ಬೇರೆ ನೋಡಿದವನಲ್ಲ, ಅಮ್ಮ ಪತ್ರಿಕೆ ಮುಟ್ಟುವವಳೇ ಅಲ್ಲ. ಈಚಿನ ಎರಡು ವರ್ಷ ಓದಿದವಳು ನಾನು, ಕೊನೆಯ ಪುಟಕ್ಕೆ ಬರುವಷ್ಟರಲ್ಲಿ ತಾತ ಸಾಕು ಅಂತ ಕೈ ಎತ್ತುತ್ತಿದ್ದ, ನಾನು ಬಸ್ಸಿಗೆ ಓಡುತ್ತಿದ್ದೆ.

ಧೂಳಪ್ಪ ನನ್ನ ಭುಜದ ಮೇಲಿಂದ ಬಗ್ಗಿ ಓದಿದರು, ಟವೆಲು ಕೆಳಗೆ ಎಳೆದುಕೊಂಡರು. "ಅಯ್ಯೋ, ಎರಡು ಸಲದಮ್ಮ! ವರ್ಷಕ್ಕೊಂದು ಸಲ ಬರ್ತಾರಮ್ಮಾ. ಏನಮ್ಮಾ ಇದು, ಒಗಟಾ ಅಂತ ಕೇಳಿದ್ರೆ ನಗ್ತಾರೆ, ಹೇಳಲ್ಲ. ನಿಮ್ಮವರಾ?"

ಪಕ್ಕದ ಪಟ್ಟಣ, ಬಸ್ ನಿಲ್ದಾಣದ ಹಿಂದಿನ ಎರಡನೇ ಬೀದಿ, ಅಂಗಿಯ ಗುಂಡಿ ಮಾರುವ ಅಂಗಡಿಯ ಮೇಲಿನ ಕೋಣೆ. ವಿಳಾಸ ಧೂಳಪ್ಪ ಕೊಟ್ಟರು. ಮರುದಿನ ಹೋದೆ. ಮೆಟ್ಟಿಲು ಎಷ್ಟು ಕಿರಿದು ಅಂದರೆ ಅಡ್ಡವಾಗಿ ಹತ್ತಬೇಕು. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಅದರ ಮುಂದೆ ಚಿಕ್ಕಜ್ಜಿಯದೇ ಮುಖ, ಹತ್ತು ವರ್ಷ ಜಾಸ್ತಿಯಾದ ಹಾಗೆ. ಉಸಿರಾಡುವಾಗ ಎದೆಯಲ್ಲಿ ಸೀಟಿ ಹೊಡೆದಂಥ ಸದ್ದು.

"ಕಾಜಾ ಹಾಕ್ಬೇಕಾ, ಹೊಲಿಗೆ ಬಿಚ್ಚಿದ್ಯಾ?" ಅಂದಳು ತಲೆ ಎತ್ತದೆ.

ನನಗೆ ಮಾತೇ ಬರಲಿಲ್ಲ. ನನಗೆ! ಹತ್ತಿರ ಹೋಗಿ ಅವಳ ಸೆರಗನ್ನು ಎರಡು ಸಲ ಜಗ್ಗಿದೆ.

ಯಂತ್ರ ನಿಂತಿತು. ತಲೆ ಎತ್ತಿ ನನ್ನನ್ನು ನೋಡಿದಳು. "ಅಣ್ಣನ ಮೊಮ್ಮಗಳಾ? ಮೂಗು ಅವನದೇ," ಅಂದಳು. ಆಮೇಲೆ, "ಅವ್ವ ಇದ್ದಾಳಾ?"

ಸತ್ತು ಐವತ್ತನಾಲ್ಕು ವರ್ಷವಾದವಳನ್ನು ಇದ್ದಾಳಾ ಅಂತ ಕೇಳಿದಳು. ಯಾರೂ ಹೇಳಿರಲಿಲ್ಲ. ಮೂರು ಕಾಗದ ಹಾಕಿದ್ದಳಂತೆ, ಮೂರೂ ಒಡೆಯದೆ ವಾಪಸು ಬಂದವು. ಆ ನಾಲ್ಕು ಸಾಲು ಓದಿ ನಂಬದೆ ಪತ್ರಿಕೆಯ ಕಚೇರಿಗೇ ಹೋಗಿ ಅರ್ಜಿ ತೋರಿಸಿ ಅಂತ ಕೂತಿದ್ದಳಂತೆ. "ತೋರಿಸಿದ್ರು. ಅಪ್ಪನ ಹೆಬ್ಬೆಟ್ಟು, ಸೀಳು ಸಮೇತ. ಬೇರೆ ಯಾರು ಏನು ಬರೆದಿದ್ರೂ ನಾನು ಬಂದುಬಿಡ್ತಿದ್ದೆ ಮಗಾ. ಆ ಬೆರಳನ್ನ ನಾನೇ ಎಣ್ಣೆ ಹಚ್ಚಿ ಕಟ್ಟಿದ್ದು. ನಾನು ಹೊಸ್ತಿಲು ತುಳಿದು ಅವ್ವ ಸತ್ತರೆ? ಅವಳು ಇದ್ದಾಳೋ ಇಲ್ವೋ ತಿಳೀದೆ ಹೇಗೆ ಬರ್ಲಿ?"

ಓದಿ ಹೇಳಿದವರ ಸಹಿಯ ಬಗ್ಗೆ ನಾನು ಹೇಳಿದೆ. ಮುತ್ತಾತ ನಿಜವಾಗಿ ಏನು ಹೇಳಿ ಬರೆಸಿದ್ದ ಅಂತಲೂ ಹೇಳಿದೆ. ಅವಳು ಅಳಲಿಲ್ಲ. ಬಿದ್ದ ದಾರದ ಉಂಡೆಯನ್ನು ಎತ್ತಿಕೊಂಡು ಸುಮ್ಮನೆ ಸುತ್ತಿದಳು, ಮುಗಿಯುವವರೆಗೆ ಸುತ್ತಿದಳು.

"ಗುಬ್ಬಿ?" ಅಂದಳು ಕೊನೆಗೆ. ಚಿಕ್ಕಜ್ಜಿಗೆ ಅವಳು ಇಟ್ಟ ಹೆಸರಂತೆ. "ಗುಬ್ಬಿ ಏನಂತಾಳೆ ನನ್ನ?"

ಸುಳ್ಳು ಹೇಳಬೇಕಿತ್ತೋ ಏನೋ. "ಕಲ್ಲು ಅಂತಾಳೆ," ಅಂದೆ.

"ಹೂಂ." ತಲೆ ಆಡಿಸಿದಳು. "ನನಗೆ ಆ ಮನೇದು ಏನೂ ಬೇಡ. ಅಣ್ಣನ್ನ ಏನೂ ಕೇಳ್ಬೇಡ. ಗುಬ್ಬಿಗೆ ಒಂದು ಮಾತು ಹೇಳು, ಸಾಕು. ನಿಮ್ಮಕ್ಕನ್ನ ಯಾರೂ ಕರೀಲಿಲ್ಲ, ಕರೆದಿದ್ರೆ ಬರ್ತಿದ್ಲು ಅಂತ. ಅವಳು ಒಂದು ಸಲ ಎಳೀಲಿ, ಆವತ್ತೇ ಬಸ್ಸು ಹತ್ತಿ ಬರ್ತೀನಿ. ಬೇಗ ಹೇಳು ಮಗಾ, ಎದೆ ಸರಿ ಇಲ್ಲ ನಂದು."

ಹೇಳ್ತೀನಿ ಅಂದೆ. ಇಳಿಯುವಾಗ ಗುಂಡಿ ಅಂಗಡಿಯವಳು ನನ್ನ ಫೋನ್ ನಂಬರ್ ಬರೆದುಕೊಂಡಳು, ಅವರಿಗೆ ಬೇರೆ ಯಾರೂ ಇಲ್ಲ ಅಂತ.

ಬಸ್ಸಿನುದ್ದಕ್ಕೂ ನನ್ನ ರಕ್ತ ಕುದಿಯುತ್ತಿತ್ತು. ಮನೆಗೆ ಬಂದಾಗ ಚಿಕ್ಕಜ್ಜಿ ಹಿತ್ತಲಲ್ಲಿ ತಾತನ ಬಟ್ಟೆ ಒಗೆಯುತ್ತಿದ್ದಳು. ನೇರ ತಾತನ ಕೋಣೆಗೆ ಹೋಗಿ ಅರ್ಜಿಯ ಫೋಟೋವನ್ನು ಅವನ ಕಣ್ಣಿನ ಮುಂದೆ ಹಿಡಿದೆ. ತಾತ ನೋಡಿದ. ಒಂದು ಕಣ್ಣಲ್ಲಿ ಮಾತ್ರ ನೀರು ಬಂತು, ಇನ್ನೊಂದು ಲಕ್ವದ ಕಣ್ಣು.

"ಹೆಣ್ಣು ಕೊಡೋರು... ಕೇಳಿದ್ರು," ಅಂದ. ಒಂದೊಂದು ಶಬ್ದಕ್ಕೂ ಬಾಯಿ ಸೊಟ್ಟಗಾಗುತ್ತಿತ್ತು. "ನಿಮ್ಮಜ್ಜಿ ಅಪ್ಪ. ಓಡಿಹೋದೋಳ ಮನೆಗೆ ಕೊಡಲ್ಲ... ಪೇಪರಲ್ಲಿ ಹಾಕಿ, ಕಡ್ಕೊಂಡ್ವಿ ಅಂತ... ಆಮೇಲೆ ಮದ್ವೆ."

"ಸೋಮವಾರದ ಚೂರುಗಳು?"

"ಕೈಗೆ ಸಿಕ್ಕಿದ್ದು... ಕತ್ತರಿಸಿ ಕೊಟ್ಟೆ."

ಒಂದೇ ಕೊಂಬಿನ ಮೇಕೆ. ಎಡಗಾಲಿನ ಬೂಟು. ನಾನು ಹೊಟ್ಟೆ ಹಿಡಿದು ನಕ್ಕಿದ್ದ ಆ ಚೂರುಗಳನ್ನು ಮುತ್ತಜ್ಜಿ ಎದೆಗೆ ಒತ್ತಿಕೊಂಡು ನಾಲ್ಕು ವರ್ಷ ಮಲಗಿದ್ದಳು, ಅವುಗಳ ಜೊತೆಗೇ ಮಣ್ಣಿಗೆ ಹೋದಳು. ಚಿಕ್ಕಜ್ಜಿಯನ್ನು ಶಾಲೆ ಬಿಡಿಸಿದ್ದು ಯಾಕೆ ಅಂತ ಕೇಳಲಿಲ್ಲ. ಕೇಳುವುದೇನಿದೆ? ಓದಲು ಬರುವ ಇನ್ನೊಬ್ಬರು ಆ ಮನೆಯಲ್ಲಿ ಇರಬಾರದಿತ್ತು. ಇನ್ನೂ ಒಂದು ಕಹಿ ಇದೆ, ನುಂಗಿದಷ್ಟೂ ಮೇಲೆ ಬರುತ್ತದೆ: ಆ ನಾಲ್ಕು ಸಾಲು ಇಲ್ಲದಿದ್ದರೆ ಮದುವೆ ಇಲ್ಲ, ಅಪ್ಪ ಇಲ್ಲ, ನಾನಿಲ್ಲ.

"ಚಿಕ್ಕಜ್ಜಿಗೆ ಹೇಳ್ತೀನಿ," ಅಂದೆ.

ತಾತ ಎಡಗೈ ಚಾಚಿ ನನ್ನ ಅಂಗಿಯ ಅಂಚು ಹಿಡಿದ. ಎರಡು ಸಲ ಜಗ್ಗಿದ.

"ಸತ್ತ ಮೇಲೆ ಹೇಳು. ನಾನು ಹೋದ ಮೇಲೆ... ಅವಳ ಕೈ ಬಿಟ್ಟರೆ ನಂಗೆ... ಯಾವ ಕೈನೂ ಇಲ್ಲ ಮಗಳೇ."

ಅಪ್ಪನಿಗೆ ಹೇಳಿದೆ. ಅಪ್ಪ ಚಪ್ಪಲಿಯ ಮಣ್ಣು ಕೆರೆಯುತ್ತಾ, "ಹಳೇ ಬಾವಿಗೆ ಕಲ್ಲು ಹಾಕಿದ್ರೆ ನೀರು ಬರಲ್ಲ, ಕೆಸರೇ ಬರೋದು. ಮುದುಕ ಇನ್ನೆಷ್ಟು ದಿನ? ತಡ್ಕೋ," ಅಂದ. ನಾನು ತಡೆದುಕೊಂಡೆ. ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು. ಐವತ್ತೆಂಟು ವರ್ಷ ಕಾದವಳು ಇನ್ನಷ್ಟು ಕಾಯಲಾರಳಾ ಅಂತ, ನೋಡಿ, ಇದೇ ತಲೆಯಲ್ಲಿ, ಇದೇ ಮಾತನ್ನು ಯೋಚಿಸಿದೆ. ಮನೆತನದ ಪುಸ್ತಕದ ಕಡತವನ್ನು ಮತ್ತೆ ತೆರೆಯಲಿಲ್ಲ.

ಐದು ವಾರದ ನಂತರ ಆ ತಾರೀಖು ಬಂತು. ಜಗಲಿಯಲ್ಲಿ ತಾತ ಕುರ್ಚಿಯಲ್ಲಿ, ಚಿಕ್ಕಜ್ಜಿ ಕೆಳಗೆ ಕೂತು ಅವನ ಕಾಲಿನ ಉಗುರು ಕತ್ತರಿಸುತ್ತಾ. ನಾನು ಓದುತ್ತಿದ್ದೆ. ಕೊನೆಯ ಪುಟ ತಿರುವಿದೆ. ಇತ್ತು. ಈ ಸಲ ಮನೆಯ ಬದಲು ಒಂದು ಹೆಸರು: "ಗುಬ್ಬಿಗೆ: ಎರಡು ಸಲ ಎಳೆದಿದ್ದೇನೆ. ಉತ್ತರ ಕೊಡು."

ತಾತ ನನ್ನನ್ನೇ ನೋಡುತ್ತಿದ್ದ. ಕೈ ಎತ್ತಲಿಲ್ಲ, ಸುಮ್ಮನೆ ನೋಡುತ್ತಿದ್ದ.

"ಯಾಕೆ ನಿಲ್ಲಿಸಿದೆ? ಏನಿದೆ ಅಲ್ಲಿ?" ಅಂದಳು ಚಿಕ್ಕಜ್ಜಿ.

"ಏನಿಲ್ಲ ಚಿಕ್ಕಜ್ಜಿ. ಮೇಕೆ ಕಳೆದಿದೆಯಂತೆ ಯಾರದ್ದೋ."

"ಪಾಪ. ಕಟ್ಟಿ ಹಾಕ್ಬೇಕು," ಅಂದಳು, ಕಿರುಬೆರಳಿನ ಉಗುರು ಕತ್ತರಿಸಿದಳು.

ಹನ್ನೊಂದು ದಿನದ ನಂತರ ಗುಂಡಿ ಅಂಗಡಿಯವಳು ಫೋನ್ ಮಾಡಿದಳು. ಹಿಂದಿನ ದಿನ ಮಧ್ಯಾಹ್ನ, ಹೊಲಿಗೆ ಯಂತ್ರದ ಮೇಲೆ ತಲೆ ಇಟ್ಟುಕೊಂಡವಳು ಏಳಲಿಲ್ಲವಂತೆ. ಬೀದಿಯವರೇ ಸೇರಿ ಮಣ್ಣು ಮಾಡಿದ್ದರು. "ಯಾರೋ ಹುಡುಗಿ ಬರ್ತಾಳೆ, ಪತ್ರಿಕೇಲಿ ಉತ್ತರ ಬರುತ್ತೆ ಅಂತ ದಿನಾ ಪೇಪರ್ ತರಿಸ್ಕೊಂಡು ಓದ್ತಿದ್ರು. ನೀನೇನಾ ಅದು?" ಅಂತ ಕೇಳಿದಳು. ನಾನು ಫೋನ್ ಇಟ್ಟುಬಿಟ್ಟೆ.

ಇಷ್ಟೇ ಆಗಿದ್ದರೆ ನಿಮ್ಮನ್ನು ಕೂರಿಸಿ ಹೇಳುತ್ತಿರಲಿಲ್ಲ.

ಅದೇ ವಾರ ತಾತನಿಗೆ ಜೋರಾಯಿತು. ಊಟ ಬಿಟ್ಟ. ಅರೆಪ್ರಜ್ಞೆಯಲ್ಲಿ ಒಂದೇ ಶಬ್ದ: "ಹಗ್ಗ... ಹಗ್ಗ..." ಚಿಕ್ಕಜ್ಜಿ ಎರಡು ದಿನ ಕೇಳಿದಳು. ಮೂರನೇ ದಿನ ಬೆಳಗ್ಗೆ ಕೈ ಒರೆಸಿಕೊಂಡು ಬಂದು ನನ್ನ ಮುಂದೆ ಕೂತಳು.

"ನಿನ್ನ ಪತ್ರಿಕೆಯವರ ಅರ್ಜಿ ಇದ್ಯಾ? ತಗೊಂಡು ಬರಿ. ಅಣ್ಣನ ಜೀವ ಅವಳಲ್ಲಿ ಸಿಕ್ಕಿಹಾಕ್ಕೊಂಡಿದೆ ಕಣೇ. ಆವತ್ತು ಸೋಮವಾರ ಸೋಮವಾರ ಅವಳಿಗೋಸ್ಕರ ಎಷ್ಟು ಓಡಾಡಿದ್ದ! ನನಗೇನು, ಅವಳ ಮುಖ ಬೇಡ. ಅಣ್ಣನಿಗೋಸ್ಕರ ಕರೀತೀನಿ." ಅರ್ಜಿಗಾಗಿ ನನ್ನ ಚೀಲವನ್ನು ಹತ್ತಿರ ಎಳೆದುಕೊಂಡಳು. "ಸುಳ್ಳು. ನನಗೂ ನೋಡ್ಬೇಕು. ಒಂದು ಸಲ ಬೈದು ಆಮೇಲೆ ತಬ್ಕೋಬೇಕು. ಬರಿ: ಅಕ್ಕಾ, ಮೇಲಿಂದ ಒಂದು ಸಲ ಎಳೆದಿದ್ದೀನಿ. ಬಾ. ಇಷ್ಟೇ ಸಾಕು, ಅವಳಿಗೆ ಅರ್ಥ ಆಗುತ್ತೆ."

ಏನು ಹೇಳಲಿ? ನಿಮ್ಮಕ್ಕ ಸತ್ತು ಆರು ದಿನವಾಯಿತು, ಹದಿನಾರು ದಿನದ ಹಿಂದೆ ನಿನ್ನ ಹೆಸರು ಹಿಡಿದು ಕರೆದಿದ್ದಳು, ನಾನು ಮೇಕೆ ಅಂದೆ, ಅಂತಲಾ? ಒಳಗೆ ತಾತ "ಹಗ್ಗ" ಅನ್ನುತ್ತಿದ್ದ. ಬರೆದೆ. ಅವಳು ಹೆಬ್ಬೆಟ್ಟು ಒತ್ತಿದಳು, ಮಸಿಯನ್ನು ಸೆರಗಿಗೆ ಒರೆಸಿಕೊಂಡು, "ಸರಿಯಾಗಿ ಬರೆದಿದ್ದೀಯಾ ತಾನೇ? ಓದು," ಅಂದಳು. ಓದಿದೆ. ಒಂದಕ್ಷರ ತಪ್ಪದೆ ಓದಿದೆ.

ಕೌಂಟರಿನಲ್ಲಿ ಹೊಸ ಹುಡುಗಿ ಅರ್ಜಿ ತಿರುಗಿಸಿ ನೋಡಿ, "ಇದೊಂದು ಖಾಲಿ ಇದೆ ಮೇಡಂ," ಅಂದಳು. ಓದಿ ಹೇಳಿದವರು. ಧೂಳಪ್ಪ ಹಿಂದೆ ನಿಂತಿದ್ದರು. ಎರಡು ಸಲದಮ್ಮ ತೀರಿಹೋದದ್ದು ನನ್ನಿಂದಲೇ ಅವರಿಗೆ ಗೊತ್ತಿತ್ತು. ಟವೆಲಿನ ಮೇಲೆ ಕಣ್ಣು ಎರಡೇ ಕಾಣುತ್ತಿದ್ದವು.

ನಾನು ಸಹಿ ಹಾಕಿದೆ. ಗುಂಡು ಗುಂಡು ಅಕ್ಷರ, ತಾತ ಕಲಿಸಿದ್ದು. ಸಂಬಂಧ: ಮೊಮ್ಮಗಳು.

ಸೋಮವಾರ ಬಂತು. ಗಟ್ಟಿಯಾಗಿ ಓದಿದೆ. ಚಿಕ್ಕಜ್ಜಿ ಎಲ್ಲಿ, ಎಲ್ಲಿ ಅಂತ ಬೆರಳಿಟ್ಟು ತೋರಿಸಿಕೊಂಡಳು, ಉಗುರಿನ ಕತ್ತರಿಯಿಂದ ಜೋಪಾನವಾಗಿ ಕತ್ತರಿಸಿ ಬಟ್ಟೆಯಲ್ಲಿ ಕಟ್ಟಿ ಎದೆಯ ಹತ್ತಿರ ಇಟ್ಟುಕೊಂಡಳು. ತಾತ ಆವತ್ತು ಎರಡು ಚಮಚ ಗಂಜಿ ಕುಡಿದ. ಈಗ ಸ್ವಲ್ಪ ಪರವಾಗಿಲ್ಲ, ಇನ್ನೂ ಕೆಲವು ತಿಂಗಳು ಇರುತ್ತಾನೆ ಅನ್ನುತ್ತಾರೆ ಡಾಕ್ಟರು. ಚಿಕ್ಕಜ್ಜಿ ಮಧ್ಯಾಹ್ನದ ಬಸ್ಸು ಬರುವ ಹೊತ್ತಿಗೆ ತಲೆ ಬಾಚಿಕೊಂಡು ಬಾಗಿಲಲ್ಲಿ ನಿಲ್ಲುತ್ತಾಳೆ. ಬಸ್ಸು ಹೋದ ಮೇಲೆ ಒಳಗೆ ಬಂದು, "ಕಲ್ಲು. ಆವಾಗ್ಲೂ ಬರ್ಲಿಲ್ಲ, ಈವಾಗ್ಲೂ ಇಲ್ಲ," ಅನ್ನುತ್ತಾಳೆ. ಮುಂದಿನ ಸೋಮವಾರಕ್ಕೂ ಹಾಕಿಸು ಅಂದಿದ್ದಾಳೆ. ಹೆಬ್ಬೆಟ್ಟು ಒತ್ತಿದ ಅರ್ಜಿ ಈಗ ನನ್ನ ಚೀಲದಲ್ಲಿದೆ.

ನೀವು ಪೂರ್ತಿ ಕೇಳಿದಿರಿ. ಈಗ ಹೇಳಿ, ಆ ಬೆಳಗ್ಗೆ ಜಗಲಿಯಲ್ಲಿ ತಾತ ಹಾಗೆ ನೋಡುತ್ತಿರುವಾಗ, ಪತ್ರಿಕೆ ನಿಮ್ಮ ಕೈಯಲ್ಲಿ ಇದ್ದಿದ್ದರೆ, ನೀವೇನು ಓದುತ್ತಿದ್ದಿರಿ?